ಮನೆಯೊಳಗಿನ ಗಿಡಕ್ಕೆ ನುಸಿ, ಹಿಟ್ಟು ತಿಗಣೆ, ನೊರಜು ಬಂದ್ರೆ ಏನ್ಮಾಡ್ಬೇಕು

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗತ್ತೆ ಅಂತಾರಲ್ಲ, ಅದು ಹೋದ ಬೆನ್ನಿಗೇ ಮನೆ ಗಿಡಗಳಿಗೆ ಬರೋದು ನುಸಿ. ಬೆಂಗಳೂರಲ್ಲಂತೂ ಫೆಬ್ರವರಿ ಕೊನೆಯಿಂದ ಒಂದೆರಡು ಜೋರು ಮಳೆ ಬೀಳೋ ತನಕ ಗಾಳಿ ಒಣಗಿರತ್ತೆ, ಪಕ್ಕದ ಸೈಟಲ್ಲಿ ಯಾವಾಗ್ಲೂ ಏನಾದ್ರೂ ಕಟ್ತಾ ಇರ್ತಾರೆ, ಆ ಧೂಳೆಲ್ಲ ಬಂದು ಎಲೆ ಮೇಲೆ ಕೂರತ್ತೆ, ಮೇಲಿಂದ ಫ್ಯಾನು ಎಸಿ ಬೇರೆ. ಇಷ್ಟಿದ್ರೆ ನುಸಿಗೆ ಇನ್ನೇನು ಬೇಕು. ಅರೇಕಾ ಪಾಮ್, ಅಲೋಕೇಶಿಯಾ, ಕಲಾಥಿಯಾ, ಕ್ರೋಟನ್, ಬಾಲ್ಕನಿಲಿರೋ ಗುಲಾಬಿ, ಎಲ್ಲಾ ಒಟ್ಟಿಗೇ ಮಂಕಾಗೋಕೆ ಶುರುವಾಗತ್ತೆ. ಎಲ್ರೂ ಮೊದ್ಲು ನೀರು ಸಾಲ್ತಿಲ್ಲ ಅನ್ಕೊಂಡು ಜಾಸ್ತಿ ನೀರು ಹಾಕ್ತಾರೆ, ಆಗ ಬೇರೂ ಕೊಳ್ಯೋಕೆ ಶುರುವಾಗತ್ತೆ, ನುಸಿ ಮಾತ್ರ ಅದರ ಪಾಡಿಗೆ ಅದು ಆರಾಮಾಗಿರತ್ತೆ.

ಮುಂದೆ ಹೇಳೋದ್ರಲ್ಲಿ ಒಂದು ಮಾತು ಮಾತ್ರ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಯಾವ ಔಷಧಿ ಹೊಡಿತೀರ ಅನ್ನೋದಕ್ಕಿಂತ ಎಲೆ ಅಡಿಗೆ ಬಿತ್ತಾ, ನಾಲ್ಕೈದು ದಿನ ಬಿಟ್ಟು ಮತ್ತೆ ಹೊಡೆದ್ರಾ ಅನ್ನೋದೇ ಮುಖ್ಯ. ಮೇಲಿಂದ ಒಂದ್ಸಲ ಬೇವಿನೆಣ್ಣೆ ಸ್ಪ್ರೇ ಮಾಡಿ "ಬೇವಿನೆಣ್ಣೆ ಕೆಲಸ ಮಾಡಲ್ಲ ಬಿಡಿ" ಅನ್ನೋರೇ ಜಾಸ್ತಿ.

ಮೊದ್ಲು ಯಾವ ಹುಳ ಅಂತ ಗೊತ್ತು ಮಾಡ್ಕೊಳ್ಳಿ

ನುಸಿ ಕೀಟ ಅಲ್ಲ, ಜೇಡದ ಜಾತಿ, ಬೆಳೆದ ನುಸಿಗೆ ಸಾಮಾನ್ಯವಾಗಿ ಎಂಟು ಕಾಲು. ತೆಂಗಿಗೆ ನುಸಿ ಬಂದು ಕಾಯಿ ಎಲ್ಲಾ ಕಂದು ಬಣ್ಣಕ್ಕೆ ತಿರುಗಿ ಸಣ್ಣಗಾಗಿದ್ದು ತೋಟ ಇರೋ ಮನೆಯೋರಿಗೆಲ್ಲ ಗೊತ್ತು, 1998ರಲ್ಲಿ ಕೇರಳದಲ್ಲಿ ಮೊದ್ಲು ಕಾಣಿಸ್ಕೊಂಡು ಆಮೇಲೆ ನಮ್ಮ ಕಡೆಗೂ ಬಂತಲ್ಲ ಅದು. ಮನೆ ಗಿಡಕ್ಕೆ ಬರೋದು ಅದೇ ನುಸಿ ಅಲ್ಲ, ಅದರ ದಾಯಾದಿ, ಬಲೆ ಕಟ್ಟೋ ಜೇಡ ನುಸಿ, ರೈತರು ಕೆಂಪು ನುಸಿ ಅಂತಾರೆ. ಅರ್ಧ ಮಿಲಿಮೀಟರಿಗಿಂತ ದೊಡ್ಡದಿರಲ್ಲ, ಹಾಗಾಗಿ ಬರಿಗಣ್ಣಿಗೆ ಧೂಳಿನ ಕಣದ ಥರ ಕಾಣತ್ತೆ ಅಷ್ಟೆ.

ಟೆಸ್ಟ್ ಮಾಡೋದು ಸುಲಭ. ಒಂದು ಬಿಳಿ ಕಾಗದ ಎಲೆ ಕೆಳಗೆ ಹಿಡ್ಕೊಂಡು ಎಲೆನ ಬೆರಳಲ್ಲಿ ಎರಡು ಮೂರು ಸಲ ತಟ್ಟಿ, ಕಾಗದದ ಮೇಲೆ ಬಿದ್ದ ಚುಕ್ಕಿಗಳನ್ನ ಅರ್ಧ ನಿಮಿಷ ಸುಮ್ನೆ ನೋಡ್ತಾ ಇರಿ, ಧೂಳಾದ್ರೆ ಅಲ್ಲೇ ಇರತ್ತೆ, ನುಸಿ ಆದ್ರೆ ನಿಧಾನಕ್ಕೆ ನಡ್ಯೋಕೆ ಶುರು ಮಾಡತ್ತೆ, ಬೆರಳಿಂದ ಒರೆಸಿದ್ರೆ ಕೆಂಪು ಕಂದು ಅಥವಾ ಹಸಿರು ಗೀರು ಉಳಿಯತ್ತೆ. ಎಲೆ ಮೇಲ್ಭಾಗ ನೋಡಿದ್ರೆ ಸೂಜಿಯಲ್ಲಿ ಚುಚ್ಚಿದಂಗೆ ಸಣ್ಣ ಸಣ್ಣ ಬಿಳಿ ಹಳದಿ ಚುಕ್ಕಿ, ನುಸಿ ರಸ ಹೀರಿದ ಜಾಗ ಅದು. ಬಲೆ ಕಾಣೋದು ತುಂಬಾ ಲೇಟಾಗಿ, ಎಲೆಗೂ ತೊಟ್ಟಿಗೂ ಸೇರೋ ಸಂದಿಯಲ್ಲಿ. ಬಲೆ ಕಂಡ್ರೆ ನುಸಿ ಬಂದು ಆಗ್ಲೇ ಎಷ್ಟೋ ದಿನ ಆಗಿದೆ ಅಂತ ಅರ್ಥ. ಇನ್ನೊಂದು, ಕುಂಡದ ಮೂಲೇಲಿ ನಿಜವಾದ ಜೇಡ ಬಲೆ ಕಟ್ಟಿದ್ರೆ ಅದನ್ನ ಕೊಲ್ಲೋಕೆ ಹೋಗ್ಬೇಡಿ ಪಾಪ, ಅದು ನಿಮ್ಮ ಕಡೆಯದ್ದೇ.

ಉಳಿದವನ್ನ ಗುರುತಿಸೋದು ಹೀಗೆ. ಎಲೆ ಬುಡದಲ್ಲಿ, ಗೆಣ್ಣಿನ ಸಂದಿಯಲ್ಲಿ ಹತ್ತಿ ಮೆತ್ತಿದ ಥರ ಬೆಳ್ಳಗೆ ಇದ್ರೆ ಹಿಟ್ಟು ತಿಗಣೆ. ಕಾಂಡಕ್ಕೆ ಕಂದು ಬಣ್ಣದ ಚಿಪ್ಪು ಅಂಟಿದ ಥರ ಇದ್ದು ಉಗುರಲ್ಲಿ ಕೆರೆದ್ರೆ ಎದ್ದು ಬಂದ್ರೆ ಶಲ್ಕ ಕೀಟ. ಚಿಗುರಿಗೆ ಹಸಿರು ಅಥವಾ ಕಪ್ಪು ಮೆತ್ತನೆ ಹುಳ ಗುಂಪಾಗಿ ಮುತ್ತಿದ್ರೆ ಹೇನು. ಎಲೆ ಬೆಳ್ಳಿ ಬಣ್ಣಕ್ಕೆ ತಿರುಗಿ ಅದರ ಮೇಲೆ ಮೆಣಸಿನ ಪುಡಿ ಉದುರಿಸಿದ ಥರ ಕಪ್ಪು ಚುಕ್ಕಿ ಇದ್ರೆ ಥ್ರಿಪ್ಸ್. ನೀರು ಹಾಕಿದ ತಕ್ಷಣ ಮಣ್ಣಿಂದ ಸಣ್ಣ ಕಪ್ಪು ನೊಣ ಎದ್ದು ನಿಮ್ಮ ಕಾಫಿ ಲೋಟದ ಸುತ್ತ ಸುತ್ತಿದ್ರೆ ನೊರಜು. ಇದೆಲ್ಲಾ ಯಾಕೆ ಮುಖ್ಯ ಅಂದ್ರೆ ಒಂದಕ್ಕೆ ಆಗೋ ಔಷಧಿ ಇನ್ನೊಂದಕ್ಕೆ ಆಗಲ್ಲ, ಅದು ಮುಂದೆ ಗೊತ್ತಾಗತ್ತೆ.

ನುಸಿ ಅಂತ ಖಾತ್ರಿ ಆದ ದಿನ

ಆ ಗಿಡನ ಬೇರೆ ಗಿಡಗಳಿಂದ ದೂರ ಇಡಿ, ಬೇರೆ ರೂಮಾದ್ರೆ ಒಳ್ಳೇದು, ಎಲೆಗೆ ಎಲೆ ತಾಗ್ಬಾರ್ದು. ನುಸಿ ನಡ್ಕೊಂಡು ಹೋಗತ್ತೆ, ಫ್ಯಾನ್ ಗಾಳಿಗೆ ನೂಲಲ್ಲಿ ತೇಲ್ಕೊಂಡೂ ಹೋಗತ್ತೆ, ನಿಮ್ಮ ಬಟ್ಟೆಗೆ ಅಂಟ್ಕೊಂಡೂ ಹೋಗತ್ತೆ. ಒಂದೇ ಒಂದು ಹೆಣ್ಣು ಹೋದ್ರೂ ಸಾಕು, ಗಂಡಿಲ್ದೇ ಇದ್ರೂ ಮೊಟ್ಟೆ ಇಡತ್ತೆ, ಆ ಮೊಟ್ಟೆಯಿಂದೆಲ್ಲಾ ಗಂಡೇ ಹುಟ್ಟತ್ತೆ, ಆಮೇಲೆ ಅವುಗಳ ಜೊತೆ ಸಂಸಾರ ಶುರು. ಅದಕ್ಕೇ ಪಕ್ಕದ ಗಿಡಗಳನ್ನೂ ಅದೇ ದಿನ ಬಿಳಿ ಕಾಗದದ ಟೆಸ್ಟ್ ಮಾಡಿ.

ಆಮೇಲೆ ತುಂಬಾ ಹಾಳಾದ ಎಲೆಗಳನ್ನ ಕತ್ತರಿಸಿ ನೇರವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ಬಿಸಾಕಿ, ಕಾಂಪೋಸ್ಟ್ ಡಬ್ಬಕ್ಕೆ ಬೇಡ. ಎಲ್ಲಾ ಎಲೆನೂ ಒಟ್ಟಿಗೆ ಬೋಳಿಸ್ಬೇಡಿ, ಗಿಡಕ್ಕೂ ಊಟ ಮಾಡೋಕೆ ಎಲೆ ಬೇಕಲ್ವಾ.

ಈಗ ಸ್ನಾನ. ನನ್ನ ಕೇಳಿದ್ರೆ ಅರ್ಧ ಕೆಲಸ ಇಲ್ಲೇ ಮುಗಿಯತ್ತೆ, ಆದ್ರೆ ಜನ ಇದನ್ನೇ ಬಿಟ್ಬಿಟ್ಟು ಸ್ಪ್ರೇ ಬಾಟ್ಲಿಗೆ ಕೈ ಹಾಕ್ತಾರೆ. ಕುಂಡನ ಬಾತ್ರೂಮಿಗೆ ತಗೊಂಡು ಹೋಗಿ, ಮಣ್ಣಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಮುಚ್ಚಿ ಕಾಂಡದ ಸುತ್ತ ದಾರ ಕಟ್ಟಿ, ಇಲ್ಲಾಂದ್ರೆ ಮಣ್ಣೆಲ್ಲಾ ಕೊಚ್ಕೊಂಡು ಹೋಗಿ ನೆಲದ ಜಾಲಿ ಕಟ್ಕೊಳ್ಳತ್ತೆ. ಗಿಡನ ಸ್ವಲ್ಪ ಓರೆ ಮಾಡಿ ಹೆಲ್ತ್ ಫಾಸೆಟ್‌ನಲ್ಲಿ ಎಲೆಯ ಅಡಿಯಿಂದ ಮೇಲಕ್ಕೆ ನೀರು ಹಾಯ್ಸಿ. ಈ ಕೆಲಸಕ್ಕೇ ಮಾಡ್ದಂಗಿದೆ ಅದು, ಪ್ರೆಶರ್ರೂ ಇದೆ, ಯಾವ ಕಡೆ ಬೇಕೋ ಆ ಕಡೆ ತಿರುಗತ್ತೆ. ಅಲೋಕೇಶಿಯಾ, ರಬ್ಬರ್ ಪ್ಲಾಂಟ್ ಥರ ಅಗಲ ಎಲೆ ಆದ್ರೆ ಒಂದು ಕೈ ಎಲೆ ಮೇಲೆ ಆಧಾರ ಕೊಟ್ಟು ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡ್ಕೊಂಡು ಅಡಿಭಾಗ ಒರೆಸಿ, ಮಧ್ಯದ ನರದ ಅಕ್ಕಪಕ್ಕ ಜಾಸ್ತಿ ಗಮನ ಕೊಡಿ, ನುಸಿ ಮೊಟ್ಟೆ ಇಡೋಕೆ ಅದೇ ಅದಕ್ಕೆ ಇಷ್ಟದ ಜಾಗ. ಒರೆಸಿದ ಬಟ್ಟೆ ತಿರುಗಿಸಿ ನೋಡಿ, ತುಕ್ಕಿನ ಬಣ್ಣದ ಗೆರೆ ಇರತ್ತೆ. ಅದೇ ಬಟ್ಟೆಯಲ್ಲಿ ಚೆನ್ನಾಗಿರೋ ಗಿಡ ಒರೆಸ್ಬೇಡಿ.

ಬೇವಿನೆಣ್ಣೆ ಕಲಸೋ ವಿಧಾನ

ನೀರಿಗೆ ಸುಮ್ನೆ ಎಣ್ಣೆ ಸುರಿದ್ರೆ ಮೇಲೆ ತೇಲತ್ತೆ, ಸ್ಪ್ರೇ ಮಾಡಿದಾಗ ಮೊದ್ಲು ಬರೀ ನೀರು ಬರತ್ತೆ ಕೊನೆಗೆ ಬರೀ ಎಣ್ಣೆ, ಆ ಎಣ್ಣೆ ಬಿದ್ದ ಎಲೆ ಸುಟ್ಟೋಗತ್ತೆ. ಹಾಗಾಗಿ ಹೀಗ್ಮಾಡಿ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಮಿಲಿ ಮೈಲ್ಡ್ ಲಿಕ್ವಿಡ್ ಸೋಪ್ ಹಾಕಿ ಕಲಸಿ, ಅದಕ್ಕೆ ಒಂದು ಟೀ ಸ್ಪೂನ್ ಅಂದ್ರೆ ಸುಮಾರು 5 ಮಿಲಿ ಗಾಣದ ಬೇವಿನೆಣ್ಣೆ ಹಾಕಿ ಹಾಲಿನ ಥರ ಬೆಳ್ಳಗಾಗೋ ತನಕ ಚೆನ್ನಾಗಿ ಕುಲುಕಿ, ಆಮೇಲೆ ಉಳಿದ ನೀರು ಸೇರ್ಸಿ ಒಂದು ಲೀಟರ್ ಮಾಡ್ಕೊಳ್ಳಿ. ಚಳಿಗಾಲದಲ್ಲಿ ಬೇವಿನೆಣ್ಣೆ ತುಪ್ಪದ ಥರ ಗಟ್ಟಿಯಾಗತ್ತೆ, ಕೆಟ್ಟೋಗಿದೆ ಅಂತ ಎಸೀಬೇಡಿ, ಬಾಟ್ಲಿನ ಬಿಸಿನೀರಲ್ಲಿ ಇಟ್ರೆ ಕರಗತ್ತೆ. ಕಲಸಿದ್ದನ್ನ ಅವತ್ತೇ ಖಾಲಿ ಮಾಡಿ, ನಾಳೆಗೆ ಇಟ್ರೆ ಪ್ರಯೋಜನ ಇಲ್ಲ.

ಸಂಜೆ ಹೊಡೀರಿ, ಬಿಸಿಲಲ್ಲಿ ಬೇಡ. ಮೊದ್ಲು ಒಂದು ಎಲೆಗೆ ಹೊಡೆದು ಒಂದು ದಿನ ನೋಡಿ, ಜರಿ ಗಿಡ, ಕಲಾಥಿಯಾ ಥರದ್ದಕ್ಕೆ ಎಣ್ಣೆ ಆಗ್ಬರಲ್ಲ, ಸಕ್ಯುಲೆಂಟ್ ಎಲೆ ಮೇಲಿರೋ ಬೂದಿ ಬಣ್ಣದ ಮೇಣದ ಪದರ ಹೋದ್ರೆ ಆ ಎಲೆಗೆ ವಾಪಸ್ ಬರಲ್ಲ. ಎಲೆ ಅಡಿಯಿಂದ ಹನಿ ತೊಟ್ಟಿಕ್ಕೋ ಹಾಗೆ ಹೊಡೀಬೇಕು, ಯಾಕಂದ್ರೆ ಎಣ್ಣೆ ಮುಖ್ಯವಾಗಿ ಕೆಲಸ ಮಾಡೋದು ಹುಳದ ಮೈಗೆ ತಾಗಿ ಉಸಿರು ಕಟ್ಟಿಸಿ. ತಾಗದೇ ಇದ್ರೆ ಇಲ್ಲ. ವಾಸನೆ ಬಗ್ಗೆ ಮೊದ್ಲೇ ಹೇಳ್ಬಿಡ್ತೀನಿ, ಮನೆಯೊಳಗೆ ಹೊಡೆದ್ರೆ ಎರಡು ದಿನ ಮನೆಯೋರ ಕೈಲಿ ಬೈಸ್ಕೋಬೇಕು, ಯುಟಿಲಿಟಿನಲ್ಲೋ ಬಾಲ್ಕನಿನಲ್ಲೋ ಹೊಡೆದು ಒಣಗಿದ ಮೇಲೆ ಒಳಗೆ ತನ್ನಿ. ಮನೇಲಿ ಮೀನಿನ ತೊಟ್ಟಿ ಇದ್ರೆ ಅದರ ಹತ್ರ ಅಂತೂ ಹೊಡೀಲೇಬೇಡಿ, ಸೋಪು ಎಣ್ಣೆ ಎರಡೂ ಮೀನಿಗೆ ಆಗಲ್ಲ.

ಎಣ್ಣೆ ಕಲಸೋ ರಗಳೆನೇ ಬೇಡ ಅನ್ನೋರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅಭಿವೃದ್ಧಿ ಮಾಡಿರೋ ಬೇವಿನ ಸೋಪು, ಹೊಂಗೆ ಸೋಪು ಇದೆ, ತರಕಾರಿ ರೈತರು ಎಷ್ಟೋ ವರ್ಷದಿಂದ ಬಳಸ್ತಿದಾರೆ. ಚೂರು ಮಾಡಿ ನೀರಲ್ಲಿ ಕರಗ್ಸಿ ಸೋಸಿ ಹೊಡ್ಯೋದು, ಪ್ರಮಾಣ ಪ್ಯಾಕೆಟ್ ಮೇಲೆ ಬರ್ದಿರತ್ತೆ. ಎಣ್ಣೆ ಸೋಪು ಎರಡೂ ಸರಿಯಾಗಿ ಬೆರೆತಿರೋದ್ರಿಂದ ಇದರಲ್ಲಿ ಎಲೆ ಸುಡೋ ಭಯ ಕಮ್ಮಿ. ಬಟ್ಟೆ ಒಗೆಯೋ ಡಿಟರ್ಜೆಂಟ್ ಪೌಡರ್ ಮಾತ್ರ ಬೇಡವೇ ಬೇಡ.

ಕ್ಯಾಲೆಂಡರಲ್ಲಿ ಬರ್ಕೊಳ್ಳಿ

ಇಲ್ಲೇ ಎಲ್ರೂ ಕೈ ಬಿಡೋದು. ಸ್ಪ್ರೇಗೆ ಓಡಾಡೋ ನುಸಿ ಸಾಯತ್ತೆ, ಮೊಟ್ಟೆ ಎಲ್ಲಾ ಸಾಯಲ್ಲ. ಬೇಸಿಗೆ ಸೆಕೆಗೆ ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆದು, ವಾರ ಹತ್ತು ದಿನದೊಳಗೆ ಆ ಮರಿ ದೊಡ್ಡದಾಗಿ ತಾನೇ ಮೊಟ್ಟೆ ಇಡೋಕೆ ಶುರು ಮಾಡತ್ತೆ, ಒಂದು ಹೆಣ್ಣು ತನ್ನ ಜೀವಮಾನದಲ್ಲಿ ನೂರರ ಆಸುಪಾಸು ಮೊಟ್ಟೆ ಇಡತ್ತೆ. ಈ ಲೆಕ್ಕ ಗೊತ್ತಾದ್ರೆ ಎಷ್ಟು ದಿನಕ್ಕೊಂದ್ಸಲ ಹೊಡೀಬೇಕು ಅಂತ ಯಾರನ್ನೂ ಕೇಳೋದೇ ಬೇಡ. ಮರಿ ದೊಡ್ಡದಾಗಿ ಮೊಟ್ಟೆ ಇಡೋ ಮೊದ್ಲು ಅದನ್ನ ಹಿಡೀಬೇಕು, ಅಂದ್ರೆ ಮಾರ್ಚ್ ಏಪ್ರಿಲಲ್ಲಿ ನಾಲ್ಕೈದು ದಿನಕ್ಕೊಮ್ಮೆ, ತಣ್ಣಗಿರೋ ತಿಂಗಳಲ್ಲಿ ವಾರಕ್ಕೊಮ್ಮೆ, ಕನಿಷ್ಠ ನಾಲ್ಕು ಸಲ. ಪ್ರತಿ ಸಲಾನೂ ಮೊದ್ಲು ನೀರಲ್ಲಿ ತೊಳೆದು ಆಮೇಲೆ ಹೊಡೀರಿ. ಎರಡನೇ ಸಲಕ್ಕೆ ಗಿಡ ಚೆನ್ನಾಗಿ ಕಾಣತ್ತೆ, ಅಲ್ಲಿಗೆ ನಿಲ್ಲಿಸಿದ್ರೆ ಮೂರು ವಾರಕ್ಕೆ ವಾಪಸ್ ಮೊದಲಿನ ಕಥೆನೇ. ಹಳೇ ಎಲೆ ಮೇಲಿನ ಚುಕ್ಕಿ ಹೋಗಲ್ಲ, ಹೊಸ ಚಿಗುರು ಕ್ಲೀನಾಗಿ ಬಂದಿದ್ಯಾ ಅದನ್ನ ನೋಡಿ.

ಗಿಡದ ಸುತ್ತ ನೀರು ಮಿಸ್ಟ್ ಮಾಡಿದ್ರೆ ನುಸಿ ಹೋಗತ್ತೆ ಅಂತ ಹೇಳೋರಿದಾರೆ. ಒದ್ದೆ ವಾತಾವರಣ ಅದಕ್ಕೆ ಇಷ್ಟ ಇಲ್ಲ ನಿಜ, ಆದ್ರೆ ಬಂದಿರೋ ನುಸಿ ಎರಡು ಪುಸ್ ಪುಸ್‌ಗೆ ಊರು ಬಿಡಲ್ಲ. ಅರಿಶಿನ ಪುಡಿ ಉದುರಿಸೋದ್ರಿಂದ ಕುಂಡ ಹಳದಿ ಆಗತ್ತೆ ಅಷ್ಟೆ. ಹಳ್ಳಿ ಕಡೆ ಬದನೆ, ಅವರೆಗೆ ಒಲೆ ಬೂದಿ ಎರಚ್ತಾರೆ ಹೇನಿಗೆ ಅಂತ, ಹಿತ್ತಲಲ್ಲಿ ಮಳೆ ಬಂದು ತೊಳ್ಕೊಂಡು ಹೋಗತ್ತೆ, ಹಾಲಲ್ಲಿರೋ ಗಿಡಕ್ಕೆ ಅದನ್ನ ತೊಳ್ಯೋರ್ಯಾರು.

ಗೊಬ್ಬರದ ಅಂಗಡಿ ಔಷಧಿ

ಗೊಬ್ಬರದ ಅಂಗಡಿಗೆ ಹೋಗಿ "ಗಿಡಕ್ಕೆ ಹುಳ ಬಂದಿದೆ" ಅಂದ್ರೆ ಸಾಮಾನ್ಯವಾಗಿ ಕೊಡೋದು ಇಮಿಡಾಕ್ಲೋಪ್ರಿಡ್. ಹೇನಿಗೆ, ಬಿಳಿ ನೊಣಕ್ಕೆ ಅದು ಸರಿ, ನುಸಿಗೆ ಅದು ಏನೂ ಮಾಡಲ್ಲ, ಉಲ್ಟಾ ನುಸಿ ತಿನ್ನೋ ಹುಳಗಳನ್ನ ಸಾಯಿಸಿ ನುಸಿ ಜಾಸ್ತಿ ಆಗೋದೂ ಉಂಟು. ಮೊದ್ಲೇ ಹೇಳಿದ್ನಲ್ಲ ಕೀಟ ಅಲ್ಲ ಅಂತ, ಅದಕ್ಕೆ ನುಸಿನಾಶಕ ಅಂತ ಬೇರೇನೇ ಇದೆ, ಪ್ರಾಪರ್ಗೈಟ್, ಸ್ಪೈರೋಮೆಸಿಫೆನ್, ಅಬಾಮೆಕ್ಟಿನ್ ಇಂಥವು. ಆದ್ರೆ ಅವೆಲ್ಲಾ ಹೊಲಕ್ಕೆ ಅಂತ ಮಾಡಿದ್ದು, ಮಕ್ಕಳು ನಾಯಿ ಬೆಕ್ಕು ಓಡಾಡೋ ಎರಡು ಬೆಡ್ರೂಮ್ ಫ್ಲ್ಯಾಟೊಳಗೆ ಹೊಡ್ಯೋದು ನನಗಂತೂ ಒಪ್ಪಿಗೆ ಇಲ್ಲ, ಇನ್ನೂರು ರೂಪಾಯಿ ಮನಿ ಪ್ಲಾಂಟಿಗೆ ಅಷ್ಟೆಲ್ಲಾ ಬೇಕಾ. ಟೆರೇಸಲ್ಲಿ ಗುಲಾಬಿ ತುಂಬಾ ಇದ್ರೆ ನೀರಲ್ಲಿ ಕರಗೋ ಗಂಧಕ ತಗೊಳ್ಳಿ, ಲೀಟರಿಗೆ 2 ಗ್ರಾಂ, ನುಸಿಗೂ ಆಗತ್ತೆ ಬೂದಿ ರೋಗಕ್ಕೂ ಆಗತ್ತೆ. ಎರಡು ಎಚ್ಚರಿಕೆ: ರಣ ಬಿಸಿಲಿರೋ ದಿನ ಹೊಡೀಬೇಡಿ, ಮತ್ತೆ ಬೇವಿನೆಣ್ಣೆ ಹೊಡೆದಿದ್ರೆ ಎರಡು ಮೂರು ವಾರ ಗ್ಯಾಪ್ ಕೊಡಿ, ಎರಡೂ ಸೇರಿದ್ರೆ ಎಲೆ ಸುಡತ್ತೆ. ಜಿರಳೆ ಸೊಳ್ಳೆಗೆ ಹೊಡ್ಯೋ ಸ್ಪ್ರೇನ ಗಿಡಕ್ಕೆ ಹೊಡ್ಯೋರೂ ಇದಾರೆ, ದಯವಿಟ್ಟು ಬೇಡ.

ಕರಿಬೇವು, ತುಳಸಿ, ದೊಡ್ಡಪತ್ರೆ ಥರ ಬಾಯಿಗೆ ಹೋಗೋ ಗಿಡಕ್ಕೆ ನೀರಿನ ಸ್ನಾನ ಮತ್ತೆ ಬೇವಿನ ಸೋಪು, ಅಲ್ಲಿಗೆ ನಿಲ್ಲಿಸಿ.

ಹಿಟ್ಟು ತಿಗಣೆಗೆ ಸ್ಪಿರಿಟ್

ದಾಸವಾಳ ಇಟ್ಕೊಂಡೋರಿಗೆ ಇದನ್ನ ಪರಿಚಯ ಮಾಡ್ಸೋದೇ ಬೇಡ. ಮನೆಯೊಳಗೆ ಜೇಡ್, ಆರ್ಕಿಡ್, ಸ್ನೇಕ್ ಪ್ಲಾಂಟಿನ ಎಲೆ ಬುಡ ಇವಕ್ಕೆ ಜಾಸ್ತಿ. ಮೈ ಮೇಲೆ ಮೇಣದ ಪುಡಿ ಇರೋದ್ರಿಂದ ನೀರು ಹಾಕಿದ್ರೆ ಜಾರಿ ಹೋಗತ್ತೆ, ಆ ಮೇಣ ಕರಗ್ಸೋಕೆ ಸ್ಪಿರಿಟ್ ಬೇಕು. ಮೆಡಿಕಲ್ ಶಾಪಲ್ಲಿ ಸಿಗೋ ಸರ್ಜಿಕಲ್ ಸ್ಪಿರಿಟ್ ತಂದು ಕಿವಿಗೆ ಹಾಕೋ ಇಯರ್ ಬಡ್ ಅದ್ದಿ ಒಂದೊಂದನ್ನೇ ಮುಟ್ಟಿ, ಮುಟ್ಟಿದ ತಕ್ಷಣ ಬಿಳಿ ಹೋಗಿ ಒಳಗಿಂದ ಗುಲಾಬಿ ಬಣ್ಣದ ಮೈ ಕಾಣತ್ತೆ, ಹಾಗಾದ್ರೆ ತಾಗಿದೆ ಅಂತ. ಒಲೆ, ದೀಪದ ಹತ್ರ ಮಾತ್ರ ಕೂತ್ಕೊಂಡು ಮಾಡ್ಬೇಡಿ. ತುಂಬಾ ಇದ್ರೆ ಮೊದ್ಲು ಹಳೇ ಟೂತ್ ಬ್ರಶ್ಶಲ್ಲಿ ಉಜ್ಜಿ ತೊಳೆದು ಆಮೇಲೆ ಬೇವಿನ ಸೋಪು. ಶಲ್ಕ ಕೀಟಕ್ಕೂ ಇದೇ ಮದ್ದು, ಅದಕ್ಕೆ ಉಗುರಲ್ಲಿ ಕೆರೆಯೋ ಕೆಲಸ ಜಾಸ್ತಿ.

ಎಷ್ಟು ಒರೆಸಿದ್ರೂ ವಾಪಸ್ ಬರ್ತಾ ಇದ್ರೆ ಇರುವೆ ಸಾಲು ಇದ್ಯಾ ನೋಡಿ. ಹಿಟ್ಟು ತಿಗಣೆ, ಹೇನು ಎರಡೂ ಸಿಹಿ ಅಂಟು ಬಿಡ್ತವೆ, ಅದನ್ನ ತಿನ್ನೋಕೆ ಬರೋ ಇರುವೆ ಅವಕ್ಕೆ ಕಾವಲು ಕಾಯತ್ತೆ, ಗಿಡದಿಂದ ಗಿಡಕ್ಕೆ ಹೊತ್ಕೊಂಡೂ ಹೋಗತ್ತೆ. ಅದೇ ಅಂಟಿನ ಮೇಲೆ ಆಮೇಲೆ ಕಪ್ಪು ಬೂಷ್ಟು ಬೆಳೆಯತ್ತೆ. ಕುಂಡದ ಸ್ಟ್ಯಾಂಡಿನ ಕಾಲುಗಳನ್ನ ನೀರು ತುಂಬಿದ ಬಟ್ಟಲೊಳಗೆ ಇಡಿ, ಹಿಂದೆ ಹಾಲು ಮೊಸರಿನ ಗೂಡಿಗೆ ಅಜ್ಜಿಯರು ಇಡ್ತಿದ್ರಲ್ಲ ಹಾಗೆ, ಎರಡು ದಿನಕ್ಕೊಮ್ಮೆ ನೀರು ಬದಲಾಯ್ಸಿ, ಇಲ್ಲಾಂದ್ರೆ ಸೊಳ್ಳೆ.

ಇಯರ್ ಬಡ್ ಹಿಡ್ಕೊಂಡು ಕೂರೋ ಮುಂಚೆ ಒಂದು ನಿಮಿಷ ಸರಿಯಾಗಿ ನೋಡಿ. ಹಿಟ್ಟು ತಿಗಣೆಗಳ ಮಧ್ಯೆ ಅವಕ್ಕಿಂತ ದೊಡ್ಡದಾಗಿ, ಮೈ ತುಂಬಾ ಉದ್ದುದ್ದ ಬಿಳಿ ಜುಟ್ಟು ಇಟ್ಕೊಂಡು, ಸ್ವಲ್ಪ ಚುರುಕಾಗಿ ಓಡಾಡೋ ಹುಳ ಕಂಡ್ರೆ ಅದನ್ನ ಮುಟ್ಬೇಡಿ. ಅದು ಕ್ರಿಪ್ಟೋಲೀಮಸ್ ಅನ್ನೋ ಗುಲಗಂಜಿ ಹುಳದ ಮರಿ, ದೊಡ್ಡದಾದ್ರೆ ಕಪ್ಪು ರೆಕ್ಕೆ ಕಿತ್ತಳೆ ತಲೆ. 1898ರಲ್ಲಿ ಕಾಫಿ ತೋಟದ ಹಸಿರು ಶಲ್ಕ ಕೀಟ ತಿನ್ಲಿ ಅಂತ ಆಸ್ಟ್ರೇಲಿಯಾದಿಂದ ತಂದು ಬಿಟ್ಟಿದ್ದು, ಆ ಕೆಲಸ ಅಷ್ಟಾಗಿ ಮಾಡ್ಲಿಲ್ಲ, ಆದ್ರೆ ದಕ್ಷಿಣ ಭಾರತದಲ್ಲಿ ಬೇರೂರ್ಕೊಂಡು ಹಿಟ್ಟು ತಿಗಣೆ ತಿನ್ನೋದ್ರಲ್ಲಿ ಹೆಸರು ಮಾಡ್ತು. ಬಾಲ್ಕನಿ ದಾಸವಾಳದಲ್ಲಿ ಇದು ಬಂದು ಸೇರ್ಕೊಂಡ್ರೆ ನೀವು ಏನೂ ಹೊಡೀದೆ ಸುಮ್ನಿರೋದೇ ಒಳ್ಳೇದು. ಅದೇ ಥರದ ಹುಳ ಅನ್ಕೊಂಡು ಇದನ್ನೇ ಮೊದ್ಲು ಒರೆಸಿ ಹಾಕೋರು ಬಹಳ.

ನೊರಜು, ಥ್ರಿಪ್ಸ್, ಇನ್ನುಳಿದವು

ನೊರಜಿಗೆ ಸ್ಪ್ರೇ ವೇಸ್ಟ್. ಅದರ ಮರಿ ಇರೋದು ಒದ್ದೆ ಮಣ್ಣಲ್ಲಿ, ಅದ್ರಲ್ಲೂ ಯಾವಾಗ್ಲೂ ಹಸಿ ಇರೋ ಕೋಕೋಪೀಟಲ್ಲಿ, ಸರಿಯಾಗಿ ಕಳೀದೇ ಇರೋ ಕಾಂಪೋಸ್ಟಲ್ಲಿ. ಮೇಲಿನ ಒಂದೆರಡು ಇಂಚು ಒಣಗೋ ತನಕ ನೀರು ಹಾಕ್ಬೇಡಿ, ತಟ್ಟೆಯಲ್ಲಿ ನಿಂತಿರೋ ನೀರು ಚೆಲ್ಲಿ, ಹಾರೋದನ್ನ ಹಿಡ್ಯೋಕೆ ಹಳದಿ ಅಂಟು ಹಾಳೆ ಒಂದು ಚುಚ್ಚಿಡಿ. ಮರಿ ಇದ್ಯಾ ಅಂತ ನೋಡ್ಬೇಕಂದ್ರೆ ಆಲೂಗಡ್ಡೆ ಬಿಲ್ಲೆ ಒಂದನ್ನ ಮಣ್ಣಿಗೆ ಒತ್ತಿ ಇಟ್ಟು ಎರಡು ದಿನ ಬಿಟ್ಟು ಎತ್ತಿ, ಕಪ್ಪು ತಲೆಯ ಪಾರದರ್ಶಕ ಹುಳ ಅಂಟ್ಕೊಂಡಿರತ್ತೆ. ಗಿಡಕ್ಕಿಂತ ನಮ್ಮ ತಲೆಗೇ ಇದರ ಕಾಟ ಜಾಸ್ತಿ, ಗಾಬರಿ ಬೇಡ.

ಥ್ರಿಪ್ಸ್ ನಿಜಕ್ಕೂ ಕಷ್ಟ, ಯಾಕಂದ್ರೆ ಮೊಟ್ಟೆ ಎಲೆಯ ಒಳಗೇ ಇಡತ್ತೆ, ಆಮೇಲೆ ಮಧ್ಯದ ಒಂದು ಹಂತ ಮಣ್ಣಲ್ಲಿ ಕಳೆಯತ್ತೆ, ಹಾಗಾಗಿ ಎಲೆಗೆ ಹೊಡೆದಿದ್ದು ಅದಕ್ಕೆ ತಾಗಲ್ಲ. ತೊಳ್ಯೋದು, ಸೋಪು, ನೀಲಿ ಅಂಟು ಹಾಳೆ, ಮೇಲ್ಮಣ್ಣು ತೆಗೆದು ಹೊಸದು ಹಾಕೋದು, ಇಷ್ಟನ್ನೂ ಒಂದು ತಿಂಗಳಿಗಿಂತ ಜಾಸ್ತಿ ಎಳೀಬೇಕು. ಕುಂಡದಲ್ಲಿ ಮೆಣಸಿನ ಗಿಡ ಹಾಕಿದೋರಿಗೆ ಒಂದು ಗುರುತು: ಎಲೆ ಮೇಲ್ಮುಖವಾಗಿ ದೋಣಿ ಥರ ಮಡಚ್ಕೊಂಡ್ರೆ ಥ್ರಿಪ್ಸ್, ಕೆಳಮುಖವಾಗಿ ಮಡಚ್ಕೊಂಡ್ರೆ ನುಸಿ. ಮೆಣಸಿನಕಾಯಿ ರೈತರು ಮುಟುರು ಅಂತ ಬೈಯೋದು ಇದನ್ನೇ. ಹೇನಿಗೆ ಜೋರಾಗಿ ನೀರು ಬಿಟ್ರೆ ಸಾಕು, ಎರಡು ಮೂರು ದಿನ ಬಿಟ್ಟು ಬಿಟ್ಟು.

ಹೊಸ ಗಿಡ ತಂದಾಗ

ಲಾಲ್‌ಬಾಗ್ ಫ್ಲವರ್ ಶೋಗೆ ಹೋದೋರು ಬರಿಗೈಲಿ ಬರಲ್ಲ, ಸಿದ್ದಾಪುರದ ನರ್ಸರಿ ಸಾಲಿಗೆ ಹೋದ್ರಂತೂ ಆಟೋ ತುಂಬಾ ಗಿಡ. ತಂದ ಗಿಡನ ನೇರ ಉಳಿದವುಗಳ ಮಧ್ಯ ಇಡ್ಬೇಡಿ, ಎರಡು ವಾರ ಬೇರೆ ಕಡೆ ಇಟ್ಟು ವಾರಕ್ಕೊಮ್ಮೆ ಬಿಳಿ ಕಾಗದದ ಟೆಸ್ಟ್ ಮಾಡಿ. ಕೊಳ್ಳುವಾಗ್ಲೇ ಎಲೆ ತಿರುಗಿಸಿ ನೋಡಿ, "ಅದೇನಿಲ್ಲ ಮೇಡಂ, ಬಿಸ್ಲಿಗೆ ಹಂಗಾಗಿದೆ" ಅಂದ್ರೆ ನಗ್ತಾ ಪಕ್ಕದ ಗಿಡ ತಗೊಳ್ಳಿ. ಮನೇಲಿರೋ ಗಿಡಗಳಿಗೆ ಬೇಸಿಗೇಲಿ ವಾರಕ್ಕೊಂದ್ಸಲ ಎಲೆ ತೊಳ್ಯೋದು ಅಭ್ಯಾಸ ಮಾಡ್ಕೊಂಡ್ರೆ ಧೂಳೂ ಹೋಗತ್ತೆ, ಶುರುವಾಗಿರೋದೂ ಕಣ್ಣಿಗೆ ಬೀಳತ್ತೆ.

ಇಷ್ಟೆಲ್ಲಾ ಮಾಡಿದ್ರೂ ಸುಧಾರಿಸದ ಗಿಡ ಇದ್ದೇ ಇರತ್ತೆ. ಅಲೋಕೇಶಿಯಾ ಆದ್ರೆ ಎಲೆ ಪೂರ್ತಿ ಕತ್ತರಿಸಿ, ಗಡ್ಡೆ ತೊಳೆದು ಹೊಸ ಮಣ್ಣಿಗೆ ಹಾಕಿ, ಗಡ್ಡೆ ಗಟ್ಟಿ ಇದ್ರೆ ಮತ್ತೆ ಚಿಗುರತ್ತೆ. ಅರೇಕಾ ಪೂರ್ತಿ ಬಲೆ ಹಿಡಿದಿದ್ರೆ ಬಿಟ್ಬಿಡಿ, ಅದರ ನೂರಾರು ಗರಿ ಒರೆಸೋಕೆ ಯಾರಿಗೂ ಆಗಲ್ಲ. ಅದನ್ನ ಮನೆಯೊಳಗೆಲ್ಲಾ ಎಳ್ಕೊಂಡು ಹೋಗ್ದೆ, ಇದ್ದ ಜಾಗದಲ್ಲೇ ದೊಡ್ಡ ಕವರ್ ಮುಚ್ಚಿ ಕಟ್ಟಿ ಆಮೇಲೆ ಹೊರಗೆ ಹಾಕಿ, ಕುಂಡ ಸೋಪಲ್ಲಿ ಉಜ್ಜಿ ಬಿಸಿಲಿಗಿಡಿ, ಆ ಜಾಗದ ಗೋಡೆ ಮೂಲೆ, ಕಿಟಕಿ ಸರಳು ಒಂದ್ಸಲ ಒದ್ದೆ ಬಟ್ಟೇಲಿ ಒರೆಸಿ, ಹತ್ತು ಹದಿನೈದು ದಿನ ಅಲ್ಲಿ ಬೇರೆ ಗಿಡ ಇಡ್ಬೇಡಿ.